ಅಳಿವೆಯಿಂದ ಅಳಿವೆಗೆ: ಉಳ್ಳಾಲದಿಂದ ಕಾರವಾರದವರೆಗೆ

ಕರ್ನಾಟಕದ ಕರಾವಳಿ ಸುಮಾರು 320 ಕಿಲೋಮೀಟರ್. ಹೆದ್ದಾರಿ 66ರಲ್ಲಿ ಬೆಳಿಗ್ಗೆ ಹೊರಟರೆ ಕತ್ತಲಾಗುವಷ್ಟರಲ್ಲಿ ಮುಗಿದುಹೋಗುತ್ತದೆ. ನಾವು ಬೇಕಂತಲೇ ನಿಧಾನ ಮಾಡಿದೆವು. ನದಿ ಕಡಲು ಸೇರುವ ಅಳಿವೆಗಳಲ್ಲಿ ಇಳಿಯುವುದು, ನೋಡುವುದು, ಅಲ್ಲಿ ಬದುಕುವವರ ಜೊತೆ ಕೂತು ಮಾತಾಡುವುದು. ಅಷ್ಟೇ ಯೋಜನೆ. ಜೊತೆಗೆ ತಂಗಿ ಇದ್ದಳು. ಅವಳು ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಓದಿದವಳು. ನನಗೆ ಬರೀ ಕೆಸರು ಕಂಡಲ್ಲಿ ಅವಳಿಗೆ ಹತ್ತು ಜೀವ ಕಾಣುತ್ತದೆ. ಫೆಬ್ರವರಿ ತಿಂಗಳು, ಕಡಲು ಶಾಂತವಾಗಿತ್ತು.

ಶನಿವಾರ, ಉಳ್ಳಾಲ

ನೇತ್ರಾವತಿ ಮತ್ತು ಗುರುಪುರ ನದಿ ಎರಡೂ ಸೇರಿ ಒಂದೇ ಬಾಯಲ್ಲಿ ಕಡಲಿಗೆ ಬೀಳುವ ಜಾಗ ಇದು. ಉತ್ತರಕ್ಕೆ ಬೆಂಗ್ರೆ, ದಕ್ಷಿಣಕ್ಕೆ ಉಳ್ಳಾಲದ ಕೋಟೆಪುರ. ದೋಣಿಗಳ ದಾರಿ ಹೂಳಿನಿಂದ ಮುಚ್ಚಬಾರದು ಅಂತ ಅಳಿವೆಯ ಎರಡೂ ಕಡೆ ಕಲ್ಲಿನ ತಡೆಗೋಡೆ ಕಟ್ಟಿದ್ದಾರೆ. ಅಲ್ಲಿಂದ ದಕ್ಷಿಣಕ್ಕೆ ಮೊಗವೀರಪಟ್ಣ, ಕೈಕೋ, ಸೋಮೇಶ್ವರ ಅಂತ ನಡೆಯುತ್ತಾ ಹೋದರೆ ಮರಳಿಗಿಂತ ಕಲ್ಲೇ ಜಾಸ್ತಿ. ಕಪ್ಪು ಬಂಡೆಗಳ ಸಾಲು, ಅದರ ಹಿಂದೆಯೇ ಮನೆ.

ಒಂದು ಮನೆಯ ಮುಂದೆ ಬಲೆ ಸರಿ ಮಾಡುತ್ತಿದ್ದ ಹಿರಿಯರು ಕೈ ತೋರಿಸಿ ಹೇಳಿದರು: "ಅಕೋ, ಆ ಕಲ್ಲಿನಿಂದ ಆಚೆ ಎರಡು ಸಾಲು ತೆಂಗಿತ್ತು ಅಮ್ಮ. ಅದರಾಚೆ ಬಲೆ ಒಣಗಿಸುವ ಜಾಗ. ಈಗ ರಸ್ತೆ ಮೇಲೆ ಒಣಗಿಸ್ತೇವೆ. ಆ ರಸ್ತೆಯೂ ಮಳೆಗಾಲಕ್ಕೆ ಅರ್ಧ ಹೋಗ್ತದೆ."

ಕಡಲು ಮಳೆಗಾಲದಲ್ಲಿ ಮರಳು ಎಳೆದುಕೊಂಡು ಹೋಗುವುದು ಹೊಸದಲ್ಲ. ಅಲೆ ತಣ್ಣಗಾದ ಮೇಲೆ ಅದೇ ಮರಳನ್ನು ತಂದು ಹಾಕುತ್ತದೆ. ಸಾವಿರಾರು ವರ್ಷಗಳಿಂದ ದಂಡೆ ಹೀಗೇ ಬದುಕಿದೆ. ಆದರೆ ಹೋದದ್ದೆಲ್ಲ ತಿರುಗಿ ಬರುವುದಿಲ್ಲ, ಒಂದಷ್ಟು ಆಳಕ್ಕೆ ಜಾರುತ್ತದೆ. ಆ ಕೊರತೆ ತುಂಬುವುದು ನದಿ. ಘಟ್ಟದಿಂದ ಇಳಿಯುವ ನೀರು ಮಳೆಗಾಲದಲ್ಲಿ ಮರಳು ಹೊತ್ತು ತರುತ್ತದೆ. ಈಗ ನೇತ್ರಾವತಿಯನ್ನೇ ನೋಡಿ. ತುಂಬೆಯಲ್ಲಿ ಮಂಗಳೂರಿನ ಕುಡಿಯುವ ನೀರಿಗೆ ಕಿಂಡಿ ಅಣೆಕಟ್ಟು. ನದಿಯ ಉದ್ದಕ್ಕೂ ಮರಳು ತೆಗೆಯುವ ದಕ್ಕೆಗಳು. ಮೇಲೆ ಘಟ್ಟದಲ್ಲಿ ಎತ್ತಿನಹೊಳೆ ಯೋಜನೆ: 24 ಟಿಎಂಸಿ ನೀರನ್ನು ಪೂರ್ವಕ್ಕೆ ತಿರುಗಿಸುವ ಗುರಿ, ಮೊದಲ ಹಂತಕ್ಕೆ 2024ರ ಸೆಪ್ಟೆಂಬರಿನಲ್ಲಿ ಚಾಲನೆ. ಕೆಳಗೆ ಅಳಿವೆಯಲ್ಲಿ ತಡೆಗೋಡೆ, ಅದು ದಂಡೆಗುಂಟ ಮರಳು ಅಡ್ಡಾಡುವ ದಾರಿಯನ್ನೇ ಬದಲಿಸುತ್ತದೆ. ಒಂದೊಂದಕ್ಕೂ ಅದರದೇ ಕಾರಣ ಇದೆ, ಸುಳ್ಳು ಕಾರಣವೂ ಅಲ್ಲ. ಮಂಗಳೂರಿಗೆ ನೀರು ಬೇಡವೇ, ದೋಣಿಗೆ ದಾರಿ ಬೇಡವೇ? ಆದರೆ ಇವೆಲ್ಲದರ ಬಾಕಿ ಒಟ್ಟಾಗಿ ಬಂದು ಬೀಳುವುದು ಆ ಹಿರಿಯರ ಅಂಗಳಕ್ಕೆ.

ಕೊರೆತ ತಡೆಯಲು ಇಲ್ಲಿ ಮಾಡಿದ್ದೂ ಕಡಿಮೆಯಲ್ಲ. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದಲ್ಲಿ ಕಡಲೊಳಗೆ ಅಲೆ ಒಡೆಯುವ ರೀಫ್ ಕಟ್ಟಿದರು, ದಡದಲ್ಲಿ ಕಲ್ಲಿನ ದಿಬ್ಬ ಹಾಕಿದರು. ಕೆಲವು ಕಡೆ ಉಪಯೋಗ ಆಗಿದೆ ಅಂತ ಅಲ್ಲಿನವರೇ ಹೇಳುತ್ತಾರೆ. ಕಲ್ಲು ಮುಗಿಯುವ ಜಾಗದ ಪಕ್ಕದ ಮನೆಯವರು ಬೇರೆ ಹೇಳುತ್ತಾರೆ. ಬಟ್ಟಪಾಡಿಯಲ್ಲಿ ಕಡಲ ಬದಿಯ ರಸ್ತೆ ಕೊನೆಯಾಗುವಲ್ಲಿ ಡಾಂಬರಿನ ಹೆಂಟೆಗಳು ಅಲೆಗೆ ಉರುಳಾಡುತ್ತಿದ್ದವು. 2022ರ ಜೂನ್‌ನಲ್ಲಿ ಉಕ್ಕಿನ ಸುರುಳಿ ಹೊತ್ತಿದ್ದ ‘ಪ್ರಿನ್ಸೆಸ್ ಮಿರಾಲ್’ ಹಡಗು ಮುಳುಗಿದ್ದೂ ಈ ಕಡಲಿನಲ್ಲೇ. ಎಣ್ಣೆ ದಡಕ್ಕೆ ಬಂದರೆ ಏನು ಗತಿ ಅಂತ ಊರಿಡೀ ಹೆದರಿಕೊಂಡು ಕೂತಿದ್ದನ್ನು ಜನ ಇನ್ನೂ ಮರೆತಿಲ್ಲ.

ಭಾನುವಾರ, ಮಲ್ಪೆ

ಬೆಳಗಿನ ಜಾವವೇ ಬಂದರಿಗೆ ಹೋದೆವು. ಐಸ್ ಒಡೆಯುವ ಸದ್ದು, ಹರಾಜಿನ ಕೂಗು, ತಲೆ ಮೇಲೆ ಬುಟ್ಟಿ ಹೊತ್ತ ಹೆಂಗಸರು. ಅಂಜಲ್, ಬಂಗುಡೆ, ಪಾಂಪ್ಲೆಟ್ ಎಲ್ಲ ಬೇರೆ ಬೇರೆ ರಾಶಿ. ತಂಗಿ ಅತ್ತ ನೋಡಲೂ ಇಲ್ಲ. ಕಡಲ ತಳದಲ್ಲಿ ಬಲೆ ಎಳೆಯುವ ಒಂದು ಟ್ರಾಲ್ ಬೋಟಿನ ಪಕ್ಕಕ್ಕೆ ನನ್ನನ್ನು ಕರೆದುಕೊಂಡು ಹೋದಳು. ಅಲ್ಲಿ ಸಲಿಕೆಯಿಂದ ಮೀನನ್ನು ಕ್ರೇಟಿಗೆ ತುಂಬುತ್ತಿದ್ದರು.

ಅವಳು ಒಂದು ಹಿಡಿ ತೆಗೆದು ಅಂಗೈ ಮೇಲೆ ಹರಡಿದಳು. ನನ್ನ ಕಿರುಬೆರಳಿಗಿಂತ ಚಿಕ್ಕ ಪಾಂಬೋಲು ಮೀನು, ರಿಬ್ಬನ್ನಿನ ತುಂಡಿನ ಹಾಗೆ. ಮೂರು ಮರಿ ಬೊಂಡಾಸ್ (ಸ್ಕ್ವಿಡ್), ಕಣ್ಣು ಮಾತ್ರ ದೊಡ್ಡದು. ಉಗುರಿನಷ್ಟು ಏಡಿ. ಒಂದು ನಕ್ಷತ್ರ ಮೀನು. ಹೆಸರೇ ಗೊತ್ತಿಲ್ಲದ ಬೆಳ್ಳಗಿನ ಒಂದೆರಡು ಮರಿ. ಇದು ಊಟಕ್ಕಲ್ಲವಾ ಅಂತ ಕೇಳಿದೆ. ಸಲಿಕೆ ಹಿಡಿದಿದ್ದ ಹುಡುಗ "ಇಲ್ಲ ಅಕ್ಕ, ಇದು ಮಿಲ್ಲಿಗೆ" ಅಂದ. ಮಿಲ್ಲು ಅಂದರೆ ಮೀನಿನ ಹಿಟ್ಟು ಮತ್ತು ಎಣ್ಣೆ ಮಾಡುವ ಕಾರ್ಖಾನೆ. ಆ ಹಿಟ್ಟು ಸಿಗಡಿ ಕೆರೆಗೂ ಕೋಳಿ ಫಾರಂಗೂ ಹೋಗುತ್ತದೆ.

ಮೊದಲೂ ಬಲೆಗೆ ಮರಿ ಬೀಳುತ್ತಿತ್ತು, ಆದರೆ ಕೊಳ್ಳುವವರಿರಲಿಲ್ಲ. ಈಗ ಬೆಲೆ ಇದೆ. ಡೀಸೆಲ್ ಖರ್ಚು ಏರಿದೆ, ದೊಡ್ಡ ಮೀನಿಗೆ ಇನ್ನೂ ದೂರ ಹೋಗಬೇಕು, ಹಾಗಾಗಿ ಮರಿ ಮಾರಿದ ದುಡ್ಡೂ ಲೆಕ್ಕಕ್ಕೆ ಬರುತ್ತದೆ. ಇವತ್ತಿನ ಡೀಸೆಲ್ಲಿಗೆ ನಾಳೆಯ ಮೀನನ್ನು ಅಡವಿಟ್ಟ ಹಾಗೆ. ನಾನು ಬೋಟಿನವರನ್ನು ಬೈಯುತ್ತಿಲ್ಲ. ಸಾಲ ತೀರಿಸಬೇಕಾದವರು ಬೇರೆ ಏನು ಮಾಡಿಯಾರು?

ಹಿಂದೆ ಈ ದಂಡೆಯಲ್ಲಿ ರಂಪಣಿ ಇತ್ತು. ಊರಿನ ನೂರಾರು ಜನ ಸೇರಿ ದಡದಿಂದಲೇ ಎಳೆಯುವ ಮಹಾ ಬಲೆ. ದಂಡೆಗೆ ಬಂದ ಬೂತಾಯಿ, ಬಂಗುಡೆ ಮಾತ್ರ ಅದಕ್ಕೆ ಸಿಗುತ್ತಿತ್ತು. 1970ರ ದಶಕದ ಕೊನೆಗೆ, ಕಡಲೊಳಗೇ ಮೀನಿನ ಹಿಂಡನ್ನು ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸೀನ್ ಬೋಟುಗಳು ಬಂದವು. ಮೀನು ದಂಡೆಗೆ ಬರುವ ಮೊದಲೇ ಸಿಗತೊಡಗಿತು, ರಂಪಣಿ ನಿಂತೇಹೋಯಿತು. ಈಗ ಉಳಿದಿರುವುದು ಚಿಕ್ಕ ಕೈರಂಪಣಿ. ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗ್ ಮತ್ತು ಬೆಳಕು ಬಿಟ್ಟು ಮೀನು ಸೆಳೆದು ಹಿಡಿಯುವ ಲೈಟ್ ಫಿಶಿಂಗನ್ನು 2017ರಲ್ಲಿ ಕೇಂದ್ರ ಸರಕಾರ ನಿಷೇಧಿಸಿತು. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆಗೆ ರಜೆಯೂ ಇದೆ. ಆದರೂ ನಾಡದೋಣಿಯವರಿಗೂ ದೊಡ್ಡ ಬೋಟಿನವರಿಗೂ ಈ ವಿಷಯದಲ್ಲಿ ಜಗಳ ತಪ್ಪಿಲ್ಲ.

ಕಡಲೂ ಬಿಸಿಯಾಗುತ್ತಿದೆ. ಹತ್ತು ವರ್ಷದ ಹಿಂದೆ ಬೂತಾಯಿ ಇದ್ದಕ್ಕಿದ್ದ ಹಾಗೆ ಕಮ್ಮಿಯಾದಾಗ ಕೇಂದ್ರ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಕಾರಣ ಹುಡುಕಿತು. ಪೆಸಿಫಿಕ್ ಸಾಗರ ಬಿಸಿಯಾಗಿ ಹವಾಮಾನ ಏರುಪೇರಾಗುವ ಎಲ್‌ನಿನೊ ಒಂದು ಕಡೆ, ಅತಿಯಾಗಿ ಹಿಡಿದದ್ದು ಇನ್ನೊಂದು ಕಡೆ. ಎರಡೂ ಒಟ್ಟಿಗೆ ಬಂದಾಗ ಮೀನಿಗೆ ಚೇತರಿಸಿಕೊಳ್ಳಲು ಸಮಯವೇ ಸಿಗುವುದಿಲ್ಲ.

ಮಧ್ಯಾಹ್ನ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ಸಾಲು ಉದ್ದಕ್ಕಿತ್ತು. ನಾವು ಹೋಗಲಿಲ್ಲ.

ಸೋಮವಾರ, ಮರವಂತೆ

ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ, ನಡುವೆ ಹೆದ್ದಾರಿ. ಫೋಟೋ ನೋಡದವರು ಯಾರಿದ್ದಾರೆ! ಕಾರು ನಿಲ್ಲಿಸಿ ಇಳಿದರೆ ಕಾಣುವುದು ಕಡಲ ಬದಿಯ ಕಲ್ಲಿನ ಗೋಡೆ, ಮತ್ತೆ ಮರಳು ತಡೆಯಲು ಕಡಲೊಳಕ್ಕೆ ಚಾಚಿದ ಅಡ್ಡ ಗೋಡೆಗಳು, ಅಂದರೆ ಗ್ರೋಯಿನ್‌ಗಳು. ರಸ್ತೆ ಉಳಿಸಲು ಬೇರೆ ದಾರಿ ಇರಲಿಲ್ಲ. ಎಳನೀರು ಮಾರುತ್ತಿದ್ದ ಅಣ್ಣ ಒಂದೇ ಮಾತಲ್ಲಿ ಹೇಳಿದ: "ಕಲ್ಲ್ ಹಾಕ್ರೆ ಈ ಬದಿ ಉಳಿತ್, ಆಚಿ ಬದಿ ಹೋತ್."

ಕರಾವಳಿ ನಿಯಂತ್ರಣ ವಲಯದ 2019ರ ಅಧಿಸೂಚನೆ ಬಂದ ಮೇಲೆ, ಜನ ಜಾಸ್ತಿ ಇರುವ ಹಳ್ಳಿಗಳಲ್ಲಿ ಕಟ್ಟಡ ಕಟ್ಟಬಾರದ ಜಾಗ 200 ಮೀಟರಿನಿಂದ 50 ಮೀಟರಿಗೆ ಇಳಿದಿದೆ. ಮೀನುಗಾರರ ಮನೆ ರಿಪೇರಿಗೆ ಇದರಿಂದ ಅನುಕೂಲ ಆಯ್ತು ಅನ್ನುವುದು ನಿಜ. ಅದೇ ಬಾಗಿಲಿನಿಂದ ರೆಸಾರ್ಟುಗಳೂ ಮುಂದೆ ಬರುತ್ತವೆ. 1990ರಿಂದ 2018ರವರೆಗಿನ ಉಪಗ್ರಹ ಚಿತ್ರಗಳ ಪ್ರಕಾರ ಭಾರತದ ಕರಾವಳಿಯ ಮೂರನೇ ಒಂದು ಭಾಗ ಕೊರೆಯುತ್ತಿದೆ. ದಂಡೆ ಹಿಂದೆ ಸರಿಯುತ್ತಿರುವಾಗ ನಾವು ಮುಂದೆ ಹೋಗಿ ಕಟ್ಟುತ್ತಿದ್ದೇವೆ.

ಮಂಗಳವಾರ, ಹೊನ್ನಾವರ

ಶರಾವತಿ ಅಳಿವೆಗೆ ಬಂದಾಗ ಬಿಸಿಲು ಏರಿತ್ತು. ಎಷ್ಟು ಅಗಲದ ನದಿ! ದ್ವೀಪಗಳು, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು, ತುಂಬಿದ ನೀರು. ಫೆಬ್ರವರಿಯಲ್ಲೂ ತುಂಬಿದೆ. ನೋಡಲು ಚೆಂದ. ತಂಗಿ ಮಾತ್ರ ದೋಣಿಯಿಂದ ಬಗ್ಗಿ ನೀರನ್ನು ನಾಲಿಗೆಗೆ ಹಚ್ಚಿಕೊಂಡು, "ನೋಡಕ್ಕಾ, ಉಪ್ಪೇ ಇಲ್ಲ" ಅಂದಳು. ನಾನೂ ನೋಡಿದೆ. ಸಪ್ಪೆ.

ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಸುಮಾರು 151 ಟಿಎಂಸಿ ನೀರು ಹಿಡಿಯುವ ಜಲಾಶಯ. ಅದರಿಂದ ಶರಾವತಿ ವಿದ್ಯುದಾಗಾರದಲ್ಲಿ 1,035 ಮೆಗಾವಾಟ್. ಕೆಳಗೆ ಗೇರುಸೊಪ್ಪೆಯಲ್ಲಿ ಇನ್ನೊಂದು ಅಣೆಕಟ್ಟು. ಕರೆಂಟು ವರ್ಷವಿಡೀ ಬೇಕು, ಹಾಗಾಗಿ ಟರ್ಬೈನ್ ತಿರುಗಿಸಿದ ನೀರೂ ವರ್ಷವಿಡೀ ಬರುತ್ತದೆ. ಮೊದಲು ಹೀಗಿರಲಿಲ್ಲ. ಮಳೆಗಾಲ ಮುಗಿದು ನದಿ ಬಡವಾದಾಗ ಉಬ್ಬರದ ಜೊತೆ ಕಡಲಿನ ನೀರು ಮೈಲುಗಟ್ಟಲೆ ಒಳಕ್ಕೆ ಬರುತ್ತಿತ್ತು. ಆರು ತಿಂಗಳು ಸಿಹಿ, ಆರು ತಿಂಗಳು ಉಪ್ಪು. ಅಳಿವೆಯ ಜೀವಗಳು ಈ ಕ್ರಮಕ್ಕೆ ಒಗ್ಗಿಕೊಂಡಿದ್ದವು. ಈಗ ಉಪ್ಪು ಒಳಗೆ ಬರಲು ಸಿಹಿನೀರು ಬಿಡುವುದಿಲ್ಲ.

ಇದರಿಂದ ಹೋದದ್ದು ಬಳಚು. ಮಂಗಳೂರಿನ ಕಡೆ ಮರುವಾಯಿ ಅಂತಾರಲ್ಲ, ಅದೇ ಚಿಪ್ಪು ಮೀನು. ಶರಾವತಿಯಲ್ಲಿ ಬಳಚು ಹೆಚ್ಚುಕಡಿಮೆ ಅಳಿದೇಹೋಗಿದೆ ಅಂತ ಭಾರತೀಯ ವಿಜ್ಞಾನ ಸಂಸ್ಥೆಯವರು ಅಧ್ಯಯನ ಮಾಡಿ ಬರೆದಿದ್ದಾರೆ. ದೋಣಿ ನಡೆಸುತ್ತಿದ್ದವರು ಅಧ್ಯಯನ ಓದಿದವರಲ್ಲ. ಆದರೆ ಅವರ ಮಾತೂ ಅದೇ: "ನಮ್ಮಜ್ಜಿ ಇದೇ ಹೊಳೆಯಲ್ಲಿ ಬಳಚು ಹೆಕ್ತಿದ್ರಂತೆ. ಈಗ ನಾವು ಕುಮಟೆಯಿಂದ ಬಂದದ್ದನ್ನ ಪೇಟೆಯಲ್ಲಿ ಕೊಳ್ತೇವೆ."

ಇಲ್ಲಿ ಹೊಗೆ ಕಾರುವ ಕಾರ್ಖಾನೆಯಿಲ್ಲ, ವಿಷ ಚೆಲ್ಲಿದವರಿಲ್ಲ. ನೀರು ಕಡಿಮೆಯೂ ಆಗಿಲ್ಲ. ಬಂದ ನೀರು ಸ್ವಚ್ಛವೇ, ಆದರೆ ಬರಬಾರದ ಕಾಲದಲ್ಲಿ ಬಂತು. ಅಷ್ಟಕ್ಕೇ ಒಂದು ಊರಿನ ಊಟ, ಸಂಪಾದನೆ ಎರಡೂ ಹೋಯಿತು. ಬೆಂಗಳೂರಿನಲ್ಲಿ ಸ್ವಿಚ್ಚು ಒತ್ತುವ ನಮಗೆ ಇದು ಗೊತ್ತಾಗುವುದು ಹೇಗೆ? ಈಗ ಅದೇ ಕಣಿವೆಯಲ್ಲಿ ತಲಕಳಲೆಗೂ ಗೇರುಸೊಪ್ಪೆಗೂ ನಡುವೆ ನೀರನ್ನು ಮೇಲೆ ಕೆಳಗೆ ಓಡಾಡಿಸಿ 2,000 ಮೆಗಾವಾಟ್ ತೆಗೆಯುವ ಇನ್ನೊಂದು ಯೋಜನೆ ಇದೆ.

ಸಂಜೆ ಕಾಸರಕೋಡ ಟೊಂಕಕ್ಕೆ ಹೋದೆವು. ಮರಳಿನ ಮೇಲೆ ಮೀನು ಒಣಗಿಸುವ ಹೆಂಗಸರು, ಆಚೆಗೆ ಖಾಸಗಿ ಬಂದರಿನ ಜಾಗ. ಈ ಬಂದರು ಬೇಡ ಅಂತ ಮೀನುಗಾರರು ವರ್ಷಗಟ್ಟಲೆ ಹೋರಾಡುತ್ತಿದ್ದಾರೆ. ಇದೇ ಮರಳಿಗೆ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆ ಇಡಲು ಬರುತ್ತವೆ. ಒಂದು ಗೂಡಿನ ಸುತ್ತ ಬಲೆ ಕಟ್ಟಿ ಕಾವಲು ಹಾಕಿದ್ದರು. ಒಂದು ಗೂಡಿನಲ್ಲಿ ನೂರರ ಆಸುಪಾಸು ಮೊಟ್ಟೆ. ಮರಿ ಬರಲು ಐವತ್ತು ದಿನದ ಲೆಕ್ಕ. ಮರಿಗಳು ರಾತ್ರಿ ಬೆಳಕಿನ ಕಡೆ ತೆವಳುತ್ತವೆ, ಅವುಗಳಿಗೆ ಗೊತ್ತಿದ್ದ ಬೆಳಕು ಕಡಲಿನದು ಮಾತ್ರ. ರಸ್ತೆ ದೀಪ ಹತ್ತಿದರೆ ರಸ್ತೆಗೇ ಬರುತ್ತವೆ. ಇದೇ ಕಾಸರಕೋಡದ ಇನ್ನೊಂದು ತುದಿಯ ಬೀಚಿಗೆ 2020ರಲ್ಲಿ, ಸ್ವಚ್ಛ ಕಡಲತೀರಗಳಿಗೆ ಕೊಡುವ ಅಂತರರಾಷ್ಟ್ರೀಯ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು.

ಬುಧವಾರ, ಅಘನಾಶಿನಿ

ಹೊನ್ನಾವರದಿಂದ ಇಪ್ಪತ್ತೈದು ಕಿಲೋಮೀಟರ್ ಆಸುಪಾಸಿಗೆ ಇನ್ನೊಂದು ಅಳಿವೆ. ಅದೇ ಕಡಲು, ಅದೇ ಘಟ್ಟ, ಅದೇ ಮಳೆ. ಶಿರಸಿಯ ಹತ್ತಿರ ಶಂಕರಹೊಂಡದಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ತದಡಿಯ ಬಳಿ ಕಡಲು ಸೇರುವವರೆಗೆ ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ. ಈ ಒಂದು ವ್ಯತ್ಯಾಸ ನೋಡಲೆಂದೇ ನಾವು ಇಷ್ಟು ದೂರ ಬಂದದ್ದು.

ನೀರು ಇಳಿಯುವ ಹೊತ್ತಿಗೆ ಹೊಳೆಯ ನಡುವೆ ಬಯಲೇ ಎದ್ದಿತ್ತು. ದೋಣಿಗಳಲ್ಲಿ ಬಂದವರು, ನಡೆದೇ ಬಂದವರು, ಹೆಂಗಸರೇ ಜಾಸ್ತಿ. ಸೊಂಟಕ್ಕೆ ಹಗ್ಗ, ಹಗ್ಗದ ತುದಿಗೆ ಅಲ್ಯೂಮಿನಿಯಂ ಪಾತ್ರೆ, ಅದು ಹಿಂದೆ ಹಿಂದೆ ತೇಲಿಕೊಂಡು ಬರುತ್ತದೆ. "ಕಣ್ಣಿಂದ ಹುಡುಕ್ಬೇಡ ತಂಗಿ, ಕಾಲಿಂದ ನೋಡು" ಅಂದರು ಒಬ್ಬ ಅಕ್ಕ. ಮೊಣಕಾಲು ಮಟ್ಟದ ನೀರಲ್ಲಿ ನಿಂತು ಹಿಮ್ಮಡಿಯಿಂದ ಮರಳು ಒತ್ತಿದೆ. ಏನೋ ಗಟ್ಟಿ ತಾಗಿತು. ಬಗ್ಗಿ ತೆಗೆದರೆ ಎರಡು ಬೆರಳಗಲದ ಬಳಚು, ಹಳದಿ ಮಿಶ್ರಿತ ಕಂದು ಬಣ್ಣ, ಮೇಲೆ ಸಣ್ಣ ಸಣ್ಣ ಗೀರು. ಬಾಯಿ ಬಿಗಿಯಾಗಿ ಮುಚ್ಚಿಕೊಂಡಿತ್ತು. ಅಕ್ಕನ ಪಾತ್ರೆ ಆಗಲೇ ಮುಕ್ಕಾಲು ತುಂಬಿತ್ತು. ಅವರ ಬೆರಳ ತುದಿಗಳ ಮೇಲೆ ಚಿಪ್ಪು ಕೊಯ್ದ ಹಳೆ ಗೀರುಗಳು, ಅದರೊಳಗೆ ಕೆಸರು ಕೂತು ಕಪ್ಪಾಗಿದ್ದವು.

2008ರ ಸುಮಾರಿಗೆ ನಡೆದ ಒಂದು ಅಧ್ಯಯನ ಈ ಅಳಿವೆಯಿಂದ ವರ್ಷಕ್ಕೆ ಸುಮಾರು 22 ಸಾವಿರ ಟನ್ ಬಳಚು ತೆಗೆಯುತ್ತಾರೆ, ಎರಡು ಸಾವಿರಕ್ಕೂ ಹೆಚ್ಚು ಜನ ಇದೇ ಕೆಲಸದಲ್ಲಿದ್ದಾರೆ ಅಂತ ಲೆಕ್ಕ ಹಾಕಿತ್ತು. ಬಂಡವಾಳ ಒಂದು ಪಾತ್ರೆ, ಒಂದು ಹಗ್ಗ. ಹೊಲ ಇಲ್ಲದವರಿಗೆ ಈ ಹೊಳೆಯೇ ಹೊಲ.

ಹಾಗಂತ ಅಘನಾಶಿನಿ ಸುಖವಾಗಿದೆ ಅಂತಲ್ಲ. ಅಕ್ಕ ಒಂದೊಂದೇ ಹೇಳುತ್ತಾ ಹೋದರು. ಮೊದಲಿನಷ್ಟು ಸಿಗುವುದಿಲ್ಲ. ಮೊದಲು ಊಟಕ್ಕೆ, ಸಂತೆಗೆ ಹೆಕ್ಕುತ್ತಿದ್ದರು. ಆಮೇಲೆ ಗೋವಾಕ್ಕೆ ಲಾರಿ ಬರತೊಡಗಿತು, ಮರಿ ಬಳಚನ್ನೂ ಬಿಡದೆ ತುಂಬಿದರು. ಸುಣ್ಣಕ್ಕೆಂದು ಹೊಳೆಯ ತಳದಿಂದ ಹಳೆ ಚಿಪ್ಪು ತೆಗೆದರು. ಮರಳು ತೆಗೆದ ಕಡೆ ಗುಂಡಿ ಬಿತ್ತು, ಬಳಚು ಕೂರುವ ನೆಲವೇ ಹೋಯಿತು.

ಮಧ್ಯಾಹ್ನ ಮಾಣಿಕಟ್ಟೆಯ ಗಜನಿ ಕಡೆ ಹೋದೆವು. ಗಜನಿ ಅಂದರೆ ಅಳಿವೆಯ ಪಕ್ಕದ ತಗ್ಗು ಗದ್ದೆ. ಮಳೆಗಾಲದಲ್ಲಿ ಇಲ್ಲಿ ಕಗ್ಗ ಭತ್ತ. ಉಪ್ಪು ನೀರು ನುಗ್ಗಿದರೂ, ದಿನಗಟ್ಟಲೆ ಮುಳುಗಿದರೂ ಸಾಯದ ತಳಿ. ಗೊಬ್ಬರ ಬೇಡ, ಔಷಧಿ ಬೇಡ. ಕೊಯ್ಲು ಮುಗಿದ ಮೇಲೆ ಹಲಗೆ ಬಾಗಿಲು ತೆರೆದು ಉಬ್ಬರದ ನೀರು ಒಳಗೆ ಬಿಟ್ಟರೆ ಸಿಗಡಿ, ಮೀನು ತಾವಾಗಿಯೇ ಬರುತ್ತಿದ್ದವು. ಕಗ್ಗದ ಕೂಳೆ ಅವುಗಳ ಆಹಾರ.

1970ರ ದಶಕದಲ್ಲಿ ಮಣ್ಣಿನ ಕಟ್ಟೆಗಳ ಜಾಗಕ್ಕೆ ಸರಕಾರದ ಕಲ್ಲಿನ ಕಟ್ಟೆ ಬಂತು. ಒಳಗೆ ಸಿಕ್ಕಿಕೊಂಡ ಕಾಂಡ್ಲಾ ಗಿಡಗಳು ಉಬ್ಬರದ ನೀರಿಲ್ಲದೆ ಸತ್ತವು. ಆಮೇಲೆ ಸಿಗಡಿ ಕೃಷಿಯ ಕಾಲ. ಗದ್ದೆಗಳು ಗುತ್ತಿಗೆಗೆ ಹೋದವು. ಬಾಗಿಲ ಕೀಲಿ ಗುತ್ತಿಗೆದಾರನ ಕೈಗೆ ಹೋಯಿತು, ನೀರು ಯಾವಾಗ ಬಿಡಬೇಕು ಅನ್ನುವುದು ಭತ್ತದ ಮಾತಾಗಿ ಉಳಿಯಲಿಲ್ಲ. 1990ರ ದಶಕದ ಮಧ್ಯದಲ್ಲಿ ಬಿಳಿಚುಕ್ಕೆ ರೋಗ ಬಂದು ಸಿಗಡಿಯೂ ನೆಲ ಕಚ್ಚಿತು. ಈಗ ಅರ್ಧ ಗಜನಿ ಸುಮ್ನೆ ನೀರು ನಿಂತು ಬಿದ್ದಿದೆ. ಕೆಲವು ರೈತರು ಮಾತ್ರ ಹಟ ಹಿಡಿದು ಕಗ್ಗದ ಬೀಜ ಉಳಿಸಿದ್ದಾರೆ. ಅಲ್ಲಲ್ಲಿ ಅರಣ್ಯ ಇಲಾಖೆ ನೆಟ್ಟ ಕಾಂಡ್ಲಾ ಆಳೆತ್ತರ ಬೆಳೆದಿದೆ. ಅದರ ಬೇರಿನ ಸಂದಿಯಲ್ಲಿ ಮರಿ ಸಿಗಡಿಗಳು ಚಿಮ್ಮುವುದನ್ನು ತಂಗಿ ಅರ್ಧ ಗಂಟೆ ನೋಡಿದಳು. ಮಲ್ಪೆಯ ಬೋಟಿಗೆ ಸಿಗುವ ಎಷ್ಟೋ ಮೀನು, ಸಿಗಡಿ ಬಾಲ್ಯ ಕಳೆಯುವುದು ಇಂಥ ಬೇರುಗಳ ನಡುವೆಯೇ.

ತದಡಿಗೆ 4,000 ಮೆಗಾವಾಟಿನ ಕಲ್ಲಿದ್ದಲು ಸ್ಥಾವರ ಬರುವುದಿತ್ತು. ಜನ ಒಪ್ಪಲಿಲ್ಲ, ನಿಂತಿತು. ಆಮೇಲೆ ದೊಡ್ಡ ಬಂದರಿನ ಪ್ರಸ್ತಾಪ. 2024ರಲ್ಲಿ ಈ ಅಳಿವೆಯ 4,801 ಹೆಕ್ಟೇರಿಗೆ ರಾಮ್‌ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ, ಅನ್ನುವ ಮಾನ್ಯತೆ ಸಿಕ್ಕಿತು. ಊರಲ್ಲಿ ಬೋರ್ಡು ನೋಡಿದಾಗ ನಿಜಕ್ಕೂ ಖುಷಿಯಾಯಿತು. ಆದರೆ ಅದೇ ನದಿಯ ನೀರನ್ನು ಘಟ್ಟದಾಚೆಯ ವೇದಾವತಿ ನದಿಗೆ ತಿರುಗಿಸುವ ಜೋಡಣೆ ಯೋಜನೆ ಇನ್ನೂ ಜೀವಂತ ಇದೆ. ಪಕ್ಕದ ಬೇಡ್ತಿ ನದಿಯನ್ನು ವರದಾ ನದಿಗೆ ಜೋಡಿಸುವುದೂ ಇದೆ.

ಗುರುವಾರ, ಶಿರೂರು, ಕೇಣಿ, ಕಾರವಾರ

ಶಿರೂರಿನಲ್ಲಿ ಗುಡ್ಡ ಇನ್ನೂ ಹಸಿ ಗಾಯದ ಹಾಗೆ ಕೆಂಪಗಿದೆ. 2024ರ ಜುಲೈ 16ರಂದು ಚತುಷ್ಪಥಕ್ಕಾಗಿ ಕಡಿದಿದ್ದ ಗುಡ್ಡ ಕುಸಿದು ಚಹಾ ಅಂಗಡಿ, ಲಾರಿ, ಜನ ಎಲ್ಲವನ್ನೂ ಗಂಗಾವಳಿ ನದಿಗೆ ತಳ್ಳಿತು. ಮಣ್ಣು ಬಿದ್ದ ರಭಸಕ್ಕೆ ಎದ್ದ ಅಲೆ ಆಚೆ ದಡದ ಉಳುವರೆಯ ಮನೆಗಳನ್ನು ಬಡಿಯಿತು. ಸತ್ತವರ ಮನೆಯವರ ಮುಂದೆ ಮೀನಿನ ಮಾತು ಎತ್ತಲು ಮನಸ್ಸಾಗುವುದಿಲ್ಲ. ನಾವು ಕೇಳಲೂ ಇಲ್ಲ. ಅಷ್ಟೊಂದು ಮಣ್ಣು ನದಿಗೆ ಬಿದ್ದದ್ದು ಕಣ್ಣೆದುರೇ ಇತ್ತು.

ಅಂಕೋಲೆಯ ಕೇಣಿಯಲ್ಲಿ ಆಳ ಸಮುದ್ರದ ಹೊಸ ಬಂದರು ಬೇಡ ಅಂತ ಊರೇ ಎದ್ದು ನಿಂತಿದೆ. ಅಲ್ಲಿ ಸಿಕ್ಕ ಮೀನುಗಾರ ಯುವಕನಿಗೆ ನಾವು ಬಂದ ದಾರಿ ಹೇಳಿದೆವು. ಅವನು ತಕ್ಷಣ ಕೇಳಿದ: "ಅಕ್ಕ, ಬಂದರಿನವರು ಬಂದರಿನ ವರದಿ ತರ್ತಾರೆ. ರಸ್ತೆಯವರು ರಸ್ತೆದು. ಡ್ಯಾಮಿನವರು ಡ್ಯಾಮಿಂದು. ಎಲ್ಲಾ ಸೇರಿ ನಮ್ಮ ಕಡಲಿಗೆ ಏನಾಗ್ತದೆ ಅನ್ನೋ ವರದಿ ಯಾರ ಹತ್ರ ಇದೆ?"

ಕಾರವಾರದಲ್ಲಿ ಕಾಳಿ ನದಿ. ಮೇಲೆ ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳು, ಕೈಗಾ ಅಣು ಸ್ಥಾವರ. ಪಟ್ಟಣದ ದಕ್ಷಿಣಕ್ಕೆ ನೌಕಾನೆಲೆ. ಮೀನುಗಾರರಿಗೆ ದೋಣಿ ಎಳೆದಿಡಲು ಉಳಿದ ದಂಡೆ ಕಡಿಮೆ. ಅದಕ್ಕೇ 2020ರ ಜನವರಿಯಲ್ಲಿ ಟಾಗೋರ್ ಕಡಲತೀರದ ಕಡೆಗೆ ಬಂದರು ವಿಸ್ತರಿಸಲು ಹೊರಟಾಗ ಇಡೀ ಪಟ್ಟಣ ಬೀದಿಗಿಳಿಯಿತು. ಹೈಕೋರ್ಟು ತಡೆ ಕೊಟ್ಟಿತು.

ಕೇಣಿಯ ಹುಡುಗನ ಪ್ರಶ್ನೆಯನ್ನು ನಾನು ಅಘನಾಶಿನಿಗೆ ಹಿಡಿದು ಕೇಳುತ್ತೇನೆ. ಸಮುದ್ರಕ್ಕೆ ಸುಮ್ಮನೆ ಹರಿದುಹೋಗುವ ನೀರು ಅಂತ ಜೋಡಣೆ ಯೋಜನೆಯವರು ಹೇಳುತ್ತಾರೆ. ಹಾಗೆ ಹರಿದ ನೀರೇ ಮರಳು ತಂದಿದೆ, ಉಪ್ಪಿನ ಹದ ಕಾದಿದೆ, ಬಳಚು ಸಾಕಿದೆ. ಹಾಗಾಗಿ ಕಾಲುವೆಯ ನಕ್ಷೆ ಬಿಡಿಸುವ ಮೊದಲು ಮೂರು ಲೆಕ್ಕ ಜನರ ಮುಂದೆ ಬರಲಿ: ಈ ಅಳಿವೆಯ ನೀರಿನ ಉಪ್ಪು ತಿಂಗಳು ತಿಂಗಳು ಎಷ್ಟಿರುತ್ತದೆ, ನದಿ ವರ್ಷಕ್ಕೆ ಎಷ್ಟು ಮರಳು ತರುತ್ತದೆ, ಅದರಲ್ಲಿ ಎಷ್ಟನ್ನು ನಾವು ಆಗಲೇ ತೆಗೆದಾಗಿದೆ. ಅದರ ಪಕ್ಕದಲ್ಲೇ ಹೊನ್ನಾವರದ ಲೆಕ್ಕವನ್ನೂ ಇಡಲಿ. ಸಭೆಯನ್ನು ಬೆಂಗಳೂರಿನಲ್ಲಿ ಬೇಡ, ಕುಮಟೆಯಲ್ಲಿ ಮಾಡಲಿ. ನೀರು ಇಳಿಯುವ ಹೊತ್ತು ಬಿಟ್ಟು ಮಾಡಲಿ, ಆಗ ಹೆಂಗಸರೆಲ್ಲ ಹೊಳೆಯಲ್ಲಿರುತ್ತಾರೆ.